ಕೈಕೊಟ್ಟ ಕೋವಿ, ಕೈಬಿಡದ ಮಂತ್ರಿ

1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ್ ಪಟ್ಟಣದ ಹೊರಗೆ ಜರ್ಮನ್ ಸೈನ್ಯ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಹಸಿರು ಹಳದಿ ಬಣ್ಣದ ಮೋಡ ನೆಲಕ್ಕೆ ತಾಗಿಕೊಂಡೇ ತೆವಳಿ ಬಂದು ಫ್ರೆಂಚರ ಕಂದಕಗಳನ್ನು ತುಂಬಿತು. ಅಲ್ಲಿದ್ದವರು ಉಸಿರುಗಟ್ಟಿ ಚದುರಿಹೋದರು. ಅವರ ಪಕ್ಕದಲ್ಲಿದ್ದದ್ದು ಕೆನಡಾದ ಒಂದನೆಯ ಡಿವಿಷನ್. ಯುರೋಪಿನ ಯುದ್ಧಕ್ಕೆ ಅವರು ಹೊಸಬರು. ತೆರವಾದ ಜಾಗವನ್ನು ತುಂಬಿಕೊಂಡು ಶತ್ರುವನ್ನು ತಡೆಯುವ ಕೆಲಸ ಅವರ ಪಾಲಿಗೆ ಬಂತು. ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು, ಎದುರಿಗೆ ಬರುವವರ ಮೇಲೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಗುಂಡು ಹಾರಿಸಬೇಕಿತ್ತು.

ಆಗ ಅವರ ಕೈಯಲ್ಲಿದ್ದ ರಾಸ್ ರೈಫಲ್‌ಗಳು ಒಂದೊಂದಾಗಿ ಸಿಕ್ಕಿಕೊಳ್ಳತೊಡಗಿದವು. ಗುಂಡು ಹಾರಿದ ಮೇಲೆ ಬೋಲ್ಟನ್ನು ಹಿಂದಕ್ಕೆ ಎಳೆದು ಖಾಲಿ ತೋಟಾವನ್ನು ಹೊರಹಾಕಿದರೆ ತಾನೇ ಮುಂದಿನದು ಒಳಗೆ ಹೋಗುವುದು? ಬೋಲ್ಟ್ ಅಲುಗಲೇ ಇಲ್ಲ. ಸೈನಿಕರು ಬಂದೂಕನ್ನು ನೆಲಕ್ಕೂರಿ ಬೋಲ್ಟಿನ ಹಿಡಿಯನ್ನು ಬೂಟುಗಾಲಿನಿಂದ ಒದ್ದರು, ಕಂದಕ ತೋಡುವ ಸಲಿಕೆಯಿಂದ ಬಡಿದರು. ಪಕ್ಕದಲ್ಲಿ ಬ್ರಿಟಿಷ್ ಸೈನಿಕನ ಹೆಣವಿದ್ದರೆ ಅವನ ಲೀ-ಎನ್‌ಫೀಲ್ಡ್ ರೈಫಲನ್ನು ಎತ್ತಿಕೊಂಡರು. ಆ ಕದನದಲ್ಲಿ ಕೆನಡಾದ ಸುಮಾರು 6000 ಸೈನಿಕರು ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ಉಳಿದು ಬಂದ ಸುಮಾರು 5000 ಪದಾತಿಗಳನ್ನು ಎಣಿಸಿದಾಗ 1452 ಮಂದಿ ತಮ್ಮ ರಾಸ್ ರೈಫಲನ್ನು ಎಸೆದು ಲೀ-ಎನ್‌ಫೀಲ್ಡ್ ಹಿಡಿದು ಬಂದಿದ್ದರು. ಸರ್ಕಾರ ಕೊಟ್ಟ ಆಯುಧವನ್ನು ಬಿಸಾಡುವುದು ಸೈನ್ಯದಲ್ಲಿ ಸಣ್ಣ ಅಪರಾಧವಲ್ಲ. ಆದರೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಹಾಗೆ ಮಾಡಿದ್ದ.

ಅದೇ ರೈಫಲ್ ಎರಡು ವರ್ಷದ ಹಿಂದೆ ಸಾಮ್ರಾಜ್ಯದಲ್ಲೇ ಅತ್ಯುತ್ತಮ ಎನಿಸಿಕೊಂಡಿತ್ತು ಎಂಬುದು ಈ ಕತೆಯ ಇನ್ನೊಂದು ಮುಖ. ಇಂಗ್ಲೆಂಡಿನ ಬಿಸ್ಲಿಯಲ್ಲಿ ಪ್ರತಿವರ್ಷ ನಡೆಯುತ್ತಿದ್ದ ಗುರಿ ಸ್ಪರ್ಧೆಯ ಅತಿದೊಡ್ಡ ಬಹುಮಾನ 'ಕಿಂಗ್ಸ್ ಪ್ರೈಜ್'. 1911ರಲ್ಲೂ 1913ರಲ್ಲೂ ಅದನ್ನು ಗೆದ್ದವರು ಕೆನಡಾದ ಗುರಿಕಾರರು, ರಾಸ್ ಹಿಡಿದವರು. ಸಾವಿರಾರು ಗುಂಡು ಹಾರಿಸಿ ಕೈ ಪಳಗಿದವರು ಅದನ್ನು ಮೆಚ್ಚಿದ್ದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಈಪ್ರ್‌ನಲ್ಲಿ ಅದನ್ನು ಶಪಿಸಿ ಎಸೆದವರ ಮಾತಿನಲ್ಲೂ ಸುಳ್ಳಿರಲಿಲ್ಲ. ಒಂದೇ ಬಂದೂಕಿನ ಬಗ್ಗೆ ಎರಡು ಗುಂಪಿನ ಪ್ರಾಮಾಣಿಕ ಅನುಭವ ಇಷ್ಟು ಬೇರೆಯಾದಾಗ ಯಾರ ಮಾತು ನಡೆಯಬೇಕು? ಕೆನಡಾ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿತು. ಆ ಕಾಲವನ್ನು ಅದರ ಸೈನಿಕರು ಕಂದಕಗಳಲ್ಲಿ ಕಳೆದರು.

ರಾಸ್ ರೈಫಲ್ ಹುಟ್ಟಿದ್ದು ಒಂದು ಅವಮಾನದಿಂದ. ಬೋವರ್ ಯುದ್ಧದ ಹೊತ್ತಿಗೆ ಕೆನಡಾಕ್ಕೆ ಲೀ-ಎನ್‌ಫೀಲ್ಡ್ ರೈಫಲ್‌ಗಳು ಬೇಕಿದ್ದವು. ಬ್ರಿಟನ್ನಿಗೆ ತನ್ನ ಸೈನ್ಯಕ್ಕೇ ಸಾಲದಾಗಿತ್ತು. ಕೆನಡಾದಲ್ಲೇ ಒಂದು ಕಾರ್ಖಾನೆ ತೆರೆಯಿರಿ ಎಂದರೆ ಬರ್ಮಿಂಗ್‌ಹ್ಯಾಮಿನ ತಯಾರಕರು ಒಪ್ಪಲಿಲ್ಲ. ಆಗ ಮುಂದೆ ಬಂದವನು ಸರ್ ಚಾರ್ಲ್ಸ್ ರಾಸ್. ಸ್ಕಾಟ್ಲೆಂಡಿನ ಜಮೀನ್ದಾರ, ಬೇಟೆಗಾರ, ಬಂದೂಕುಗಳ ವಿನ್ಯಾಸವನ್ನು ಸ್ವತಃ ಮಾಡುತ್ತಿದ್ದವನು. 1902ರಲ್ಲಿ ಸರ್ಕಾರದೊಡನೆ ಕರಾರಾಯಿತು. ಕ್ವಿಬೆಕ್ ನಗರದಲ್ಲಿ ಕಾರ್ಖಾನೆ ಎದ್ದಿತು. ಅದಕ್ಕೆ ಮೊದಲು, 1901ರಲ್ಲಿ, ರೈಫಲನ್ನು ಪರೀಕ್ಷಿಸಿ ಶಿಫಾರಸು ಮಾಡಿದ ಸಮಿತಿಯಲ್ಲಿ ಸ್ಯಾಮ್ ಹ್ಯೂಸ್ ಎಂಬ ಸಂಸದನಿದ್ದ. ಬೋವರ್ ಯುದ್ಧಕ್ಕೆ ಹೋಗಿಬಂದವನು, ಗುರಿಸ್ಪರ್ಧೆಗಳ ಹುಚ್ಚಿನವನು. ಮುಂದೆ 1911ರಲ್ಲಿ ಅವನೇ ಸೇನಾ ಮಂತ್ರಿಯಾದ. ರಾಸ್ ರೈಫಲ್ ಅವನಿಗೆ ಬರೀ ಆಯುಧವಾಗಿರಲಿಲ್ಲ. ಕೆನಡಾ ಸ್ವಂತ ಕಾಲ ಮೇಲೆ ನಿಂತದ್ದರ ಗುರುತಾಗಿತ್ತು.

ರೈಫಲಿನ ವಿಶೇಷವೆಂದರೆ ಅದರ ಬೋಲ್ಟ್. ಮಾಮೂಲಿ ರೈಫಲಿನಲ್ಲಿ ಹಿಡಿಯನ್ನು ಮೊದಲು ಮೇಲಕ್ಕೆ ತಿರುಗಿಸಿ ಆಮೇಲೆ ಹಿಂದಕ್ಕೆ ಎಳೆಯಬೇಕು. ರಾಸ್‌ನಲ್ಲಿ ತಿರುಗಿಸುವ ಮಾತೇ ಇಲ್ಲ, ನೇರವಾಗಿ ಹಿಂದಕ್ಕೆ ಎಳೆದು ನೇರವಾಗಿ ಮುಂದಕ್ಕೆ ತಳ್ಳಿದರೆ ಮುಗಿಯಿತು. ಒಳಗಿನ ಸುರುಳಿ ಗಾಡಿಗಳು ಈ ನೇರ ಚಲನೆಯನ್ನೇ ತಿರುವಾಗಿ ಬದಲಿಸಿ ಬೋಲ್ಟನ್ನು ಬಿಗಿಯುತ್ತಿದ್ದವು. ಕೈಗೆ ಹಗುರ, ಕಣ್ಣಿಗೆ ಚಂದ. ಆದರೆ ತಿರುಗಿಸುವ ಆ ಹೆಚ್ಚಿನ ಕೆಲಸಕ್ಕೆ ಒಂದು ಅರ್ಥವಿತ್ತು. ಗುಂಡು ಹಾರಿದಾಗ ಹಿತ್ತಾಳೆಯ ತೋಟಾ ಶಾಖಕ್ಕೂ ಒತ್ತಡಕ್ಕೂ ಉಬ್ಬಿ ಚೇಂಬರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹಿಡಿಯನ್ನು ತಿರುಗಿಸುವಾಗ ಸನ್ನೆಗೋಲಿನಿಂದ ಕಲ್ಲನ್ನು ಮೀಟಿದಂತೆ ಆ ತೋಟಾ ಮೊದಲು ಸಡಿಲವಾಗುತ್ತದೆ. ನೇರ ಎಳೆತದಲ್ಲಿ ಆ ಮೀಟುವ ಬಲ ಕಡಿಮೆ. ತೋಟಾ ಸಲೀಸಾಗಿ ಬರುವ ತನಕ ಈ ಕೊರತೆ ಗೊತ್ತೇ ಆಗುವುದಿಲ್ಲ.

ಎಚ್ಚರಿಕೆಯ ಗಂಟೆ ಬಹಳ ಮೊದಲೇ ಬಾರಿಸಿತ್ತು. ಮೊದಲ ಮಾದರಿಯ ರಾಸ್ ರೈಫಲ್‌ಗಳನ್ನು ಪಡೆದ ಕೆನಡಾದ ಆರೋಹಿ ಪೊಲೀಸ್ ಪಡೆಯಲ್ಲಿ 1906ರಲ್ಲಿ ಗುರಿ ಅಭ್ಯಾಸದ ಹೊತ್ತಿಗೆ ಬೋಲ್ಟ್ ಹಿಂದಕ್ಕೆ ಸಿಡಿದು ಒಬ್ಬನ ಕಣ್ಣು ಹೋಯಿತು. ಪೊಲೀಸರು ಆ ರೈಫಲನ್ನೇ ಕೈಬಿಟ್ಟರು. ಸೈನ್ಯ ಬಿಡಲಿಲ್ಲ, ತಿದ್ದುಪಡಿಯ ಮೇಲೆ ತಿದ್ದುಪಡಿ ಮಾಡುತ್ತ ಹೋಯಿತು. 1910ರ ಮೂರನೆಯ ಮಾದರಿಯಲ್ಲೂ ಒಂದು ಅಪಾಯ ಉಳಿದಿತ್ತು. ಶುಚಿ ಮಾಡಲು ಬೋಲ್ಟನ್ನು ಬಿಚ್ಚಿದವನು ಮತ್ತೆ ತಪ್ಪಾಗಿ ಜೋಡಿಸಿದರೆ, ಅದು ಬಿಗಿಯಾದಂತೆ ಕಾಣುತ್ತಿತ್ತು, ಆದರೆ ಬಿಗಿಯುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಗುಂಡು ಹಾರಿದರೆ ಬೋಲ್ಟ್ ಹಾರಿಸಿದವನ ಮುಖಕ್ಕೇ ಬರುತ್ತಿತ್ತು. ತಪ್ಪಾಗಿ ಜೋಡಿಸಿದವನದೇ ತಪ್ಪು ಎನ್ನಬಹುದು. ಆದರೆ ಮಳೆಯಲ್ಲಿ, ಕತ್ತಲಲ್ಲಿ, ನಿದ್ದೆಯಿಲ್ಲದ ಮೂರನೆಯ ರಾತ್ರಿ ಜೋಡಿಸುವವನೂ ತಪ್ಪದ ಹಾಗೆ ಬಂದೂಕನ್ನು ಮಾಡಬೇಕಾದದ್ದು ಕಾರ್ಖಾನೆಯ ಕೆಲಸ. ಬೋಲ್ಟಿಗೆ ಒಂದು ಚಿಕ್ಕ ರಿವೆಟ್ ಹೊಡೆದರೆ ತಪ್ಪು ಜೋಡಣೆಯೇ ಆಗದು ಎಂಬುದು ಆಮೇಲೆ ಹೊಳೆಯಿತು.

ಹಾಗಾದರೆ ಬಿಸ್ಲಿಯ ಬಹುಮಾನ? ಗುರಿ ಮೈದಾನದಲ್ಲಿ ಗುಂಡು ಹಾರಿಸುವವನು ಒಣ ನೆಲದ ಮೇಲೆ ಮಲಗಿರುತ್ತಾನೆ. ತೋಟಾಗಳನ್ನು ಒಂದೊಂದಾಗಿ ಆರಿಸಿ ಒರೆಸಿ ಇಟ್ಟುಕೊಂಡಿರುತ್ತಾನೆ. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಉಸಿರು ಹಿಡಿದು ಬಿಡುವಷ್ಟು ವ್ಯವಧಾನವಿರುತ್ತದೆ, ನಳಿಗೆ ತಣ್ಣಗಾಗುತ್ತದೆ. ಚೇಂಬರ್ ಬಿಗಿಯಾಗಿದ್ದಷ್ಟೂ ತೋಟಾ ಅಲುಗದೆ ಕೂರುತ್ತದೆ, ಗುರಿ ನಿಖರವಾಗುತ್ತದೆ. ಅದೇ ಬಿಗಿತನ ಕಂದಕದ ಕೆಸರಿನಲ್ಲಿ ವೈರಿಯಾಯಿತು. ಮೈದಾನದಲ್ಲಿ ಬಹುಮಾನ ಗೆದ್ದುಕೊಟ್ಟ ಗುಣವೇ ಈಪ್ರ್‌ನಲ್ಲಿ ದೋಷವಾಗಿ ಕಾಡಿತು. ಗುರಿಕಾರರು ಅನುಭವದಿಂದ ಕಂಡುಕೊಂಡದ್ದು ರೈಫಲಿನ ನಿಖರತೆಯನ್ನು. ಅದನ್ನು ಅವರೂ ಕೇಳಿದವರೂ ನಂಬಿಕಸ್ತಿಕೆ ಎಂದುಕೊಂಡರು.

ಈಪ್ರ್‌ನಲ್ಲಿ ಕೂಡಿಬಂದ ಕಾರಣಗಳು ಹಲವು. ಕೆನಡಾದ ಸರ್ಕಾರಿ ಕಾರ್ಖಾನೆಯ ತೋಟಾಗಳು ಅಳತೆಯಲ್ಲಿ ಕಟ್ಟುನಿಟ್ಟಾಗಿದ್ದವು. ಯುದ್ಧಭೂಮಿಯಲ್ಲಿ ಸಿಕ್ಕಿದ್ದು ಬ್ರಿಟನ್ನಿನಲ್ಲಿ ಅವಸರದಿಂದ ರಾಶಿಗಟ್ಟಲೆ ತಯಾರಾದವು, ಕೂದಲೆಳೆಯಷ್ಟು ದಪ್ಪ. ಲೀ-ಎನ್‌ಫೀಲ್ಡಿನ ಚೇಂಬರ್ ಸಡಿಲವಾಗಿದ್ದರಿಂದ ಅದಕ್ಕೆ ಇವು ಲೆಕ್ಕಕ್ಕಿರಲಿಲ್ಲ. ರಾಸ್ ತಾಳಲಿಲ್ಲ. ಜೊತೆಗೆ ಇನ್ನೊಂದು ದೋಷವಿತ್ತು. ಬೋಲ್ಟನ್ನು ಜೋರಾಗಿ ಹಿಂದಕ್ಕೆ ಎಳೆದಾಗಲೆಲ್ಲ ಅದರ ತಿರುಪಿನ ಹಲ್ಲು, ಬೋಲ್ಟನ್ನು ತಡೆಯುವ ಚಿಕ್ಕ ಲೋಹದ ತುಂಡಿಗೆ ಬಡಿಯುತ್ತಿತ್ತು. ನೂರಾರು ಸಲ ಬಡಿದ ಮೇಲೆ ಹಲ್ಲಿನ ತುದಿ ಜಜ್ಜಿಹೋಗಿ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಂದರೆ ಸಿಕ್ಕಿಕೊಂಡ ಬೋಲ್ಟನ್ನು ಬಿಡಿಸಲು ಸೈನಿಕ ಹೆಚ್ಚು ಬಲ ಹಾಕಿದಷ್ಟೂ ಅದು ಮುಂದಿನ ಸಲ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚುತ್ತಿತ್ತು. ಮೆಲ್ಲಗೆ ಎಳೆಯುವ ಗುರಿಕಾರನಿಗೆ ಇದು ಎಂದೂ ಕಾಣಿಸದ ದೋಷ.

ಗಮನಿಸಬೇಕಾದ ಸಂಗತಿಯೊಂದಿದೆ. ಅದೇ ಮೈದಾನದಲ್ಲಿ ನಾಲ್ಕು ದಿನ ಕಳೆದು, ಏಪ್ರಿಲ್ 26ರಂದು, ಭಾರತದ ಲಾಹೋರ್ ಡಿವಿಷನ್ ದಾಳಿಗಿಳಿಯಿತು. ಆ ಸೈನಿಕರು 1914ರ ಶರತ್ಕಾಲದಲ್ಲಿ ಮಾರ್ಸೇಲ್ ಬಂದರಿನಲ್ಲಿ ಇಳಿದಾಗ ಊರಿನಿಂದ ತಂದ ಹಳೆಯ ರೈಫಲ್‌ಗಳನ್ನು ತೆಗೆದುಕೊಂಡು ಹೊಸ ಲೀ-ಎನ್‌ಫೀಲ್ಡ್ ಕೊಡಲಾಗಿತ್ತು. ಅಭ್ಯಾಸಕ್ಕೆ ಸಮಯ ಸಿಕ್ಕಿದ್ದು ಕಡಿಮೆ, ಹೊಸ ಬಂದೂಕು ಕೈಗೆ ಒಗ್ಗಿರಲಿಲ್ಲ, ಅದೇ ಕೆಸರು, ಅದೇ ಅನಿಲ. ಅವರೂ ಸಾವಿರಗಟ್ಟಲೆ ಸತ್ತು ಗಾಯಗೊಂಡರು. ಆದರೆ ರೈಫಲನ್ನು ಎಸೆದು ಬೇರೆಯವರದನ್ನು ಎತ್ತಿಕೊಳ್ಳುವ ಪ್ರಸಂಗ ಅವರಿಗೆ ಬರಲಿಲ್ಲ. ಕೆಸರು, ಅವಸರ, ಹೊಸಬರ ಅಂಜಿಕೆ ಇವೇ ಕಾರಣವೆನ್ನುವವರಿಗೆ ಈ ಹೋಲಿಕೆಯೇ ಉತ್ತರವಾಗಿತ್ತು.

ದೂರು ಮೇಲಕ್ಕೆ ಹೋಯಿತು. ಬ್ರಿಟಿಷ್ ಪ್ರಧಾನ ಸೇನಾ ಕಚೇರಿ ಪರೀಕ್ಷೆ ನಡೆಸಿತು. ಕೆನಡಾದ ತೋಟಾ ಹಾಕಿದರೆ ರಾಸ್ ಸರಿಯಾಗಿ ಕೆಲಸ ಮಾಡುತ್ತದೆ, ಬ್ರಿಟಿಷ್ ತೋಟಾ ಹಾಕಿದರೆ ಇಲ್ಲ ಎಂಬುದು ಖಚಿತವಾಯಿತು. ಇಡೀ ಡಿವಿಷನ್ನಿಗೆ ಬೇಕಾದಷ್ಟು ಕೆನಡಾದ ತೋಟಾ ಫ್ರಾನ್ಸಿನಲ್ಲಿರಲಿಲ್ಲ. 1915ರ ಜೂನ್‌ನಲ್ಲಿ ಒಂದನೆಯ ಡಿವಿಷನ್ನಿಗೆ ಲೀ-ಎನ್‌ಫೀಲ್ಡ್ ಸಿಕ್ಕಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಬಂದ ಡಿವಿಷನ್ನುಗಳು ಚೇಂಬರನ್ನು ತುಸು ಅಗಲಿಸಿದ ರಾಸ್ ರೈಫಲ್‌ಗಳನ್ನೇ ಹೊತ್ತು ತಂದವು. ಮತ್ತೆ ದೂರು, ಮತ್ತೆ ಪರೀಕ್ಷೆ. ಕೆನಡಾದ ಪಡೆಗಳ ದಂಡನಾಯಕ ಬ್ರಿಟಿಷ್ ಜನರಲ್ ಎಡ್ವಿನ್ ಆಲ್ಡರ್ಸನ್ 1916ರ ಆರಂಭದಲ್ಲಿ ದೋಷಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಆಟವಾಕ್ಕೆ ಬರೆದರು. ಹ್ಯೂಸ್‌ನ ಉತ್ತರ ಉರಿಮಾತಿನದಾಗಿತ್ತು. ತೋಟಾ ಕೆಟ್ಟದ್ದು, ರೈಫಲಿನ ವಿಷಯ ಆಲ್ಡರ್ಸನ್‌ಗೆ ತಿಳಿಯದು ಎಂಬುದು ಅದರ ತಾತ್ಪರ್ಯ. ಆ ಪತ್ರದ ಪ್ರತಿಗಳನ್ನು ಅವನು 281 ಮಂದಿ ಅಧಿಕಾರಿಗಳಿಗೆ ಕಳುಹಿಸಿದ. ಅಂದರೆ ಆಲ್ಡರ್ಸನ್ ಕೈಕೆಳಗಿನವರ ಎದುರೇ ಅವರನ್ನು ಹಳಿದ. 1916ರ ಮೇ ತಿಂಗಳಲ್ಲಿ ಆಲ್ಡರ್ಸನ್ ಹುದ್ದೆ ಕಳೆದುಕೊಂಡರು. ಅದೇ ಬೇಸಿಗೆಯಲ್ಲಿ ಬ್ರಿಟಿಷ್ ಮಹಾದಂಡನಾಯಕ ಡಗ್ಲಸ್ ಹೇಗ್ ಸೈನಿಕರಿಗೆ ಈ ರೈಫಲಿನ ಮೇಲೆ ನಂಬಿಕೆ ಹೋಗಿದೆ ಎಂದು ತೀರ್ಮಾನಿಸಿ ಎಲ್ಲ ಕೆನಡಾ ಪಡೆಗಳಿಗೂ ಲೀ-ಎನ್‌ಫೀಲ್ಡ್ ಕೊಡಿಸಿದರು. ದೂರು ಕೊಟ್ಟವರು ಕುರ್ಚಿ ಬಿಟ್ಟ ಮೇಲೆ ದೂರು ಗೆದ್ದಿತು.

ಹ್ಯೂಸ್ ಸುಳ್ಳುಗಾರನಾಗಿದ್ದನೇ? ಈ ರೈಫಲಿನ ವಿಷಯದಲ್ಲಿ ಹಾಗೆ ಹೇಳುವುದು ಸುಲಭವಲ್ಲ. ಅವನ ಪಕ್ಷಕ್ಕೂ ಸಾಕ್ಷಿಗಳಿದ್ದರು. ಕೆನಡಾದ ಹೊಂಚುಗುರಿಕಾರರು, ಅಂದರೆ ಸ್ನೈಪರ್‌ಗಳು, ಉಳಿದವರೆಲ್ಲ ರಾಸ್ ಬಿಟ್ಟ ಮೇಲೂ ಅದನ್ನೇ ಇಟ್ಟುಕೊಂಡರು. ಒಜಿಬ್ವೆ ಬುಡಕಟ್ಟಿನ ಫ್ರಾನ್ಸಿಸ್ ಪೆಗಾಮಗಬೋ ಅವರಲ್ಲಿ ಹೆಸರಾದವನು. ಅವನ ರೈಫಲಿಗೆ 378 ಮಂದಿ ಬಲಿಯಾದರೆಂಬ ಲೆಕ್ಕವೇ ಇತಿಹಾಸದ ಪುಸ್ತಕಗಳಲ್ಲಿದೆ, ಮತ್ತು ಆ ರೈಫಲ್ ರಾಸ್. ಹೊಂಚುಗುರಿಕಾರ ಯುದ್ಧಭೂಮಿಯಲ್ಲಿದ್ದರೂ ಅವನ ಕೆಲಸ ಬಿಸ್ಲಿಯ ಗುರಿಕಾರನ ಕೆಲಸದ ಹಾಗೆಯೇ. ಗಂಟೆಗಟ್ಟಲೆ ಕಾದು ಒಂದು ಗುಂಡು ಹಾರಿಸುತ್ತಾನೆ. ತೋಟಾಗಳನ್ನು ಆರಿಸಿಕೊಳ್ಳುತ್ತಾನೆ, ಬಂದೂಕನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ. ಅವನಿಗೆ ರಾಸ್ ಕೈಕೊಡಲಿಲ್ಲ. ನಿಮಿಷಕ್ಕೆ ಹದಿನೈದು ಗುಂಡು ಹಾರಿಸಬೇಕಾದ ಪದಾತಿಗೆ ಕೈಕೊಟ್ಟಿತು.

ಕನ್ನಡದಲ್ಲಿ 'ಕೈಕೊಡು' ಎಂಬ ಮಾತು ಬಸ್ಸಿಗೂ ಸಲ್ಲುತ್ತದೆ, ಮಳೆಗೂ ಸಲ್ಲುತ್ತದೆ, ಗೆಳೆಯನಿಗೂ ಸಲ್ಲುತ್ತದೆ. ಕೈಕೊಟ್ಟದ್ದನ್ನು ಮನುಷ್ಯ ಯಂತ್ರದ ದೋಷವಾಗಿ ನೆನಪಿಡುವುದಿಲ್ಲ, ದ್ರೋಹವಾಗಿ ನೆನಪಿಡುತ್ತಾನೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಕೇಪಿನ ಕೋವಿಯ ಕಾಲವನ್ನು ಕಂಡ ಹಿರಿಯರು ಮಳೆಗೆ ಮದ್ದು ನೆನೆದು ಹಂದಿಯ ಎದುರು ಕೋವಿ ಢಂ ಎನ್ನದ ಕತೆ ಹೇಳುವಾಗ ಅದೇ ಕೋವಿ ನೂರು ಸಲ ಸರಿಯಾಗಿ ಹೊಡೆದದ್ದನ್ನು ಹೇಳುವುದಿಲ್ಲ. ಹೊಡೆದದ್ದರಲ್ಲಿ ಕತೆಯೇನಿದೆ? ಹೀಗೆ ಕೈಕೊಟ್ಟದ್ದು ದೊಡ್ಡದಾಗಿ ಉಳಿಯುತ್ತದೆ ಎಂದು ಸಂಶಯಪಡುವವರ ಮಾತಿಗೂ ಆಧಾರವಿದೆ. ಆದ್ದರಿಂದ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಒಂದು ಕೆಟ್ಟ ರೈಫಲ್ ಸರಾಸರಿ ನೂರು ಗುಂಡಿಗೆ ಒಮ್ಮೆ ಸಿಕ್ಕಿಕೊಳ್ಳುತ್ತದೆ ಎನ್ನೋಣ. ನೂರು ಮಂದಿ ಅದನ್ನು ಹಿಡಿದು ತಲಾ ನೂರು ಗುಂಡು ಹಾರಿಸಿದರೆ ಸುಮಾರು 37 ಮಂದಿಗೆ ಒಂದು ಸಲವೂ ತೊಂದರೆಯಾಗುವುದಿಲ್ಲ. ನನಗೆ ಎಂದೂ ಕೈಕೊಟ್ಟಿಲ್ಲ ಎಂದು ಅವರು ಆಣೆ ಮಾಡಿ ಹೇಳಬಹುದು. ಇನ್ನೊಂದು ಒಳ್ಳೆಯ ರೈಫಲ್ ಸಾವಿರ ಗುಂಡಿಗೆ ಒಮ್ಮೆ ಮಾತ್ರ ಸಿಕ್ಕಿಕೊಳ್ಳುತ್ತದೆ ಎನ್ನೋಣ. ಅದನ್ನು ಹಿಡಿದ ನೂರು ಮಂದಿಯಲ್ಲೂ ಒಂಬತ್ತು ಹತ್ತು ಮಂದಿ ಶಪಿಸುತ್ತಾರೆ. ಹತ್ತು ಪಟ್ಟು ವ್ಯತ್ಯಾಸವಿರುವ ಎರಡು ಬಂದೂಕುಗಳ ಬಗ್ಗೆ ಒಬ್ಬೊಬ್ಬರನ್ನೇ ಕೇಳಿದರೆ ಕೆಟ್ಟದ್ದನ್ನು ಹೊಗಳುವವನೂ ಒಳ್ಳೆಯದನ್ನು ತೆಗಳುವವನೂ ಸುಲಭವಾಗಿ ಸಿಗುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಒಂದೂ ತಡೆಯಿಲ್ಲದೆ 300 ಗುಂಡು ಹಾರಿದರೆ, ತಡೆಯ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದಷ್ಟೇ ಶೇಕಡ 95ರ ಭರವಸೆಯಿಂದ ಹೇಳಬಹುದು. ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎನ್ನಬೇಕಾದರೆ 3000 ಗುಂಡು ಬೇಕು. ಅಷ್ಟನ್ನು ಬೇರೆಬೇರೆ ಸ್ಥಿತಿಯಲ್ಲಿ, ಲೆಕ್ಕವಿಟ್ಟುಕೊಂಡು ಹಾರಿಸಿದವರು ವಿರಳ.

ಹಾಗೆಂದು ಹೊಗಳಿಕೆಯೂ ದೂರೂ ಒಂದೇ ತೂಕದವಲ್ಲ. ಕೈಕೊಟ್ಟಿತು ಎನ್ನುವವನು ಒಂದು ಘಟನೆಯನ್ನು ಹೇಳುತ್ತಿದ್ದಾನೆ. ಅದು ನಡೆದಿದೆ, ಅದಕ್ಕೊಂದು ಕಾರಣವಿರಲೇಬೇಕು, ಹುಡುಕಬಹುದು. ಎಂದೂ ಕೈಕೊಟ್ಟಿಲ್ಲ ಎನ್ನುವವನು ತನ್ನ ಪಾಲಿಗೆ ಬಂದ ಸನ್ನಿವೇಶಗಳಲ್ಲಿ ಏನೂ ನಡೆಯಲಿಲ್ಲ ಎಂದಷ್ಟೇ ಹೇಳುತ್ತಿದ್ದಾನೆ. ಇದರ ಮೇಲೆ ಇನ್ನೊಂದು ಮಾತಿದೆ. ಈಪ್ರ್‌ನಿಂದ ಲೀ-ಎನ್‌ಫೀಲ್ಡ್ ಹಿಡಿದು ಬಂದ 1452 ಮಂದಿ ಬದುಕಿ ಬಂದವರು. ಬೋಲ್ಟ್ ಸಿಕ್ಕಿಕೊಂಡ ಗಳಿಗೆಯಲ್ಲೇ ಸತ್ತವನು ದೂರು ಕೊಡಲು ಬರಲಿಲ್ಲ. ಆಯುಧದ ಮಟ್ಟಿಗೆ ಅತ್ಯಂತ ಕೆಟ್ಟ ಅನುಭವ ಪಡೆದವನ ಸಾಕ್ಷ್ಯ ಯಾವ ಕಡತಕ್ಕೂ ಸೇರುವುದಿಲ್ಲ. ಆದ್ದರಿಂದ ಕಿವಿಗೆ ಬಿದ್ದ ದೂರುಗಳು ನಿಜವಾದ ದೋಷಕ್ಕಿಂತ ಕಡಿಮೆಯೇ ಇರುವ ಸಂಭವವಿದೆ.

ಇನ್ನೊಂದು ವಿಪರ್ಯಾಸ. ಕೆನಡಾದವರ ಪ್ರಾಣ ಉಳಿಸಿದ ಲೀ-ಎನ್‌ಫೀಲ್ಡಿನ ಮೊಟಕು ಮಾದರಿಯನ್ನೂ ಯುದ್ಧಕ್ಕೆ ಮುಂಚೆ ಬ್ರಿಟನ್ನಿನ ಗುರಿಕಾರರು ಜರೆದಿದ್ದರು. ನಳಿಗೆ ಗಿಡ್ಡ, ಗುರಿ ಸಾಲದು ಎಂಬುದು ಅವರ ಅನುಭವ. ಆ ಟೀಕೆಗೆ ಮಣಿದು ಬ್ರಿಟಿಷ್ ಸರ್ಕಾರ 1913ರಲ್ಲಿ ಬದಲಿ ರೈಫಲೊಂದನ್ನು ಪ್ರಯೋಗಕ್ಕೂ ತಂದಿತ್ತು. ಯುದ್ಧ ಶುರುವಾದ್ದರಿಂದ ಬದಲಾವಣೆ ನಿಂತಿತು. ಪರಿಣತರ ಅನುಭವವೇ ಗೆದ್ದಿದ್ದರೆ ಈಪ್ರ್‌ನಲ್ಲಿ ಎತ್ತಿಕೊಳ್ಳಲು ಆ ರೈಫಲ್ ಇರುತ್ತಿತ್ತೋ ಇಲ್ಲವೋ.

ಅರ್ಧ ಶತಮಾನ ಕಳೆದು ಅಮೆರಿಕ ಇದೇ ಪಾಠವನ್ನು ಇನ್ನೊಂದು ಬಗೆಯಲ್ಲಿ ಕಲಿತಿತು. ಯೂಜೀನ್ ಸ್ಟೋನರ್ ರೂಪಿಸಿದ ಎಆರ್-15 ಹಗುರವಾದ ಹೊಸ ರೈಫಲ್. 1962ರಲ್ಲಿ ಸುಮಾರು ಸಾವಿರ ಬಂದೂಕುಗಳನ್ನು ದಕ್ಷಿಣ ವಿಯೆಟ್ನಾಮಿನ ಸೈನಿಕರ ಕೈಗೆ ಕೊಟ್ಟು ನೋಡಲಾಯಿತು. ಬಳಸಿದವರು ಮನಸಾರೆ ಹೊಗಳಿದರು. ಎಂ-16 ಎಂಬ ಹೆಸರಿನಲ್ಲಿ 1965ರಿಂದ ಅದು ದೊಡ್ಡ ಪ್ರಮಾಣದಲ್ಲಿ ಅಮೆರಿಕದ ಸೈನಿಕರ ಕೈಗೆ ಬಂತು. ಆಗ ಬಂದ ಅನುಭವವೇ ಬೇರೆ. ಗುಂಡು ಹಾರಿದ ಮೇಲೆ ಖಾಲಿ ತೋಟಾ ಚೇಂಬರಿನಲ್ಲೇ ಕಚ್ಚಿಕೊಳ್ಳುತ್ತಿತ್ತು. ನಳಿಗೆಯ ಬಾಯಿಯಿಂದ ಕಂಬಿ ತೂರಿಸಿ ಅದನ್ನು ಹೊರತಳ್ಳಬೇಕಿತ್ತು. ಆ ಕಂಬಿಯೂ ಎಲ್ಲರ ಹತ್ತಿರ ಇರಲಿಲ್ಲ. ಯಾಕೆಂದರೆ ಈ ರೈಫಲಿಗೆ ಶುಚಿ ಮಾಡುವ ಗೊಡವೆಯೇ ಇಲ್ಲ ಎಂಬ ಮಾತು ಹಬ್ಬಿತ್ತು. ಶುಚಿ ಮಾಡುವ ಸಾಮಾನುಗಳನ್ನು ಸಾಕಷ್ಟು ಕಳುಹಿಸಿರಲಿಲ್ಲ.

ಎರಡು ಅನುಭವಗಳ ನಡುವೆ ಬದಲಾದದ್ದು ತೋಟಾದೊಳಗಿನ ಮದ್ದು. ಮೊದಲ ಪ್ರಯೋಗದಲ್ಲಿದ್ದ ಕಡ್ಡಿ ಆಕಾರದ ಮದ್ದಿನ ಬದಲು ಸೈನ್ಯ ಕಾಳಿನ ಆಕಾರದ ಮದ್ದನ್ನು ಆರಿಸಿಕೊಂಡಿತ್ತು. ಅದರಿಂದ ಗುಂಡು ಹಾರುವ ವೇಗ ವಿನ್ಯಾಸದ ಮಿತಿ ಮೀರಿತು, ಒಳಗೆ ಮಸಿ ಹೆಚ್ಚು ಕಟ್ಟಿತು. ಚೇಂಬರಿಗೆ ಕ್ರೋಮಿಯಂ ಲೇಪನವಿರಲಿಲ್ಲ. ವಿಯೆಟ್ನಾಮಿನ ಮಳೆಗೆ, ಸೆಕೆಗೆ ತುಕ್ಕು ಹಿಡಿಯಿತು. ಕಾರ್ಖಾನೆಯಲ್ಲಿ ಒಪ್ಪಿಗೆಯ ಪರೀಕ್ಷೆ ಮಾಡುವಾಗ ಮಾತ್ರ ಹಳೆಯ ಮದ್ದಿನ ತೋಟಾ ಬಳಸಲು ಅನುಮತಿ ಸಿಕ್ಕಿತ್ತು, ಯಾಕೆಂದರೆ ಹೊಸ ಮದ್ದಿನಲ್ಲಿ ರೈಫಲ್‌ಗಳು ಪರೀಕ್ಷೆ ದಾಟುವ ಖಾತರಿ ಇರಲಿಲ್ಲ. ಒಂದು ಮದ್ದಿನಲ್ಲಿ ತೇರ್ಗಡೆ, ಇನ್ನೊಂದರಲ್ಲಿ ಯುದ್ಧ. ಕಾಗದದಲ್ಲಿ ಎಲ್ಲವೂ ಸರಿಯಿತ್ತು.

ದೂರುಗಳಿಗೆ ಮೇಲಿನಿಂದ ಬಂದ ಮೊದಲ ಉತ್ತರ ಹಳೆಯದೇ: ಸೈನಿಕರು ಶುಚಿ ಮಾಡುತ್ತಿಲ್ಲ. 1967ರ ವಸಂತದಲ್ಲಿ ಖೇ ಸಾನ್ ಸುತ್ತಲಿನ ಬೆಟ್ಟಗಳಲ್ಲಿ ಭೀಕರ ಕಾಳಗ ನಡೆಯಿತು. ಅಲ್ಲಿಂದ ಒಬ್ಬ ಸೈನಿಕ ಮನೆಗೆ ಬರೆದ ಕಾಗದ ಪತ್ರಿಕೆಗೂ, ನ್ಯೂಜೆರ್ಸಿಯ ಸಂಸದ ಜೇಮ್ಸ್ ಹೊವಾರ್ಡ್ ಮೂಲಕ ಸಂಸತ್ತಿಗೂ ತಲುಪಿತು. ಸತ್ತವರ ಪಕ್ಕದಲ್ಲಿ ಅವರು ಸರಿಪಡಿಸಲು ಬಿಚ್ಚಿಕೊಂಡಿದ್ದ ರೈಫಲ್‌ಗಳು ಬಿದ್ದಿದ್ದವು ಎಂಬುದು ಅದರ ಸಾರ. ಆ ಮೇ ತಿಂಗಳಲ್ಲೇ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಉಪಸಮಿತಿ ವಿಚಾರಣೆ ಶುರುಮಾಡಿತು. ಸೈನಿಕರ ಮಾತನ್ನು ಕೇಳಿತು, ಜೊತೆಗೆ ಮದ್ದಿನ ಕಡತಗಳನ್ನೂ ತೆಗೆಸಿತು. ಅಕ್ಟೋಬರ್‌ನಲ್ಲಿ ಬಂದ ವರದಿ ಸೈನ್ಯದ ಆಡಳಿತದ ನಡೆ ಅಪರಾಧಕ್ಕೆ ಸಮೀಪದ ಅಲಕ್ಷ್ಯ ಎಂದಿತು. ಚೇಂಬರಿಗೆ ಕ್ರೋಮಿಯಂ ಬಂತು, ವೇಗ ತಗ್ಗಿಸುವ ಹೊಸ ಬಿಡಿಭಾಗ ಬಂತು, ಶುಚಿ ಮಾಡುವ ಕಂಬಿ ಬಂತು. ವ್ಯಂಗ್ಯಚಿತ್ರಕಾರ ವಿಲ್ ಐಸ್ನರ್ ಬಿಡಿಸಿದ ಚಿತ್ರಗಳ ಕೈಪಿಡಿಯೊಂದು 1968ರಲ್ಲಿ ಸೈನಿಕರ ಕೈ ಸೇರಿತು. ರೈಫಲಿನ ಹೆಸರು ಮೆಲ್ಲಗೆ ಸುಧಾರಿಸಿತು. ಇವತ್ತಿಗೂ ಅದರ ವಂಶದ ರೈಫಲ್‌ಗಳು ಹಲವು ಸೈನ್ಯಗಳಲ್ಲಿ ಬಳಕೆಯಲ್ಲಿವೆ. 1966ರಲ್ಲಿ ಅದನ್ನು ಹಿಡಿದಿದ್ದವನೂ 1970ರಲ್ಲಿ ಹಿಡಿದಿದ್ದವನೂ ಮುದಿವಯಸ್ಸಿನಲ್ಲಿ ಎದುರುಬದುರು ಕೂತು ವಾದಿಸಿದರೆ ಇಬ್ಬರೂ ಸರಿ. ಹೆಸರು ಒಂದೇ ಆದರೂ ಅವರು ಹಿಡಿದದ್ದು ಎರಡು ಬೇರೆ ಬಂದೂಕುಗಳು.

ನಮ್ಮ ದೇಶದಲ್ಲೂ ಇಂಥ ಮಾತುಗಳಿಗೆ ಕೊರತೆಯಿಲ್ಲ. ಪುಣೆಯ ಸಂಶೋಧನಾಲಯದಲ್ಲಿ ರೂಪುಗೊಂಡ ಇನ್ಸಾಸ್ ರೈಫಲಿನ ಬಗ್ಗೆ 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ, ಎತ್ತರದ ಚಳಿಗೆ ಅದರ ಪ್ಲಾಸ್ಟಿಕ್ ಮ್ಯಾಗಜೀನ್ ಬಿರುಕು ಬಿಡುತ್ತದೆ ಎಂಬ ದೂರುಗಳು ವರದಿಯಾದವು. ಬಯಲು ಸೀಮೆಯ ಸೆಕೆಯಲ್ಲಿ ಅದನ್ನು ವರ್ಷಗಟ್ಟಲೆ ಬಳಸಿದವನಿಗೆ ಈ ಬಿರುಕು ಕಾಣುವಂಥದ್ದಲ್ಲ. ಇನ್ನೊಂದು ಕಡೆ 'ತ್ರೀ ನಾಟ್ ತ್ರೀ' ಎಂದೇ ಹೆಸರಾದ ಲೀ-ಎನ್‌ಫೀಲ್ಡ್ ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ತೂಗಾಡಿತು. ಉತ್ತರಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದಂದು. ಅದು ಎಂದೂ ಕೈಕೊಡದ ಬಂದೂಕು ಎಂಬ ಹೊಗಳಿಕೆ ಈಗಲೂ ಕೇಳಸಿಗುತ್ತದೆ. ಹೊಗಳುವವರನ್ನು ಒಂದು ಪ್ರಶ್ನೆ ಕೇಳುವುದು ತಪ್ಪಲ್ಲ: ಆ ವರ್ಷಗಳಲ್ಲಿ ನಿಮ್ಮ ಕೈಯಲ್ಲಿದ್ದ ಬಂದೂಕು ಎಷ್ಟು ಗುಂಡು ಹಾರಿಸಿತು? ಹೊತ್ತು ತಿರುಗಿದ ವರ್ಷಗಳು ಅನುಭವದ ಲೆಕ್ಕಕ್ಕೆ ಬರುವುದಿಲ್ಲ.

ರಾಸ್ ಮತ್ತು ಎಂ-16 ಎರಡರ ಕತೆಯಲ್ಲೂ ಸೈನಿಕರ ದೂರನ್ನು ತಳ್ಳಿಹಾಕಲು ಬಳಸಿದ ವಾದಗಳು ನಿಜವೇ ಆಗಿದ್ದವು ಎಂಬುದು ಮರೆಯಬಾರದ ಸಂಗತಿ. ಬ್ರಿಟಿಷ್ ತೋಟಾ ದಪ್ಪವಿದ್ದದ್ದು ನಿಜ. ವಿಯೆಟ್ನಾಮಿನಲ್ಲಿ ಎಷ್ಟೋ ಸೈನಿಕರು ಬಂದೂಕನ್ನು ಶುಚಿ ಮಾಡದೆ ಇದ್ದದ್ದೂ ನಿಜ. ಆದರೆ ಅವು ದೂರಿಗೆ ವಿವರಣೆಗಳೇ ಹೊರತು ಉತ್ತರಗಳಲ್ಲ. ಸೈನಿಕ ಹೋಗುವ ಜಾಗದಲ್ಲಿ ಸಿಗುವುದು ದಪ್ಪ ತೋಟಾ ಆದರೆ ಆ ತೋಟಾದಲ್ಲಿ ಓಡುವ ಬಂದೂಕು ಬೇಕು. ಶುಚಿ ಮಾಡಬೇಕಾದರೆ ಕಂಬಿ ಕೊಡಬೇಕು. 'ನಿನ್ನ ಅನುಭವ ಸುಳ್ಳು' ಎನ್ನುವ ಬದಲು 'ಯಾವ ತೋಟಾ, ಯಾವ ಮಳೆ, ಎಷ್ಟನೆಯ ಗುಂಡು' ಎಂದು ಕೇಳಿದ್ದರೆ ರಾಸ್‌ನ ದೋಷ ಈಪ್ರ್‌ಗೆ ಮೊದಲೇ ಗೊತ್ತಾಗುತ್ತಿತ್ತು. ಗುರಿಕಾರನಿಗೂ ಪದಾತಿಗೂ ಅದೇ ಮೂರು ಪ್ರಶ್ನೆ ಹಾಕಿದ್ದರೆ ಇಬ್ಬರ ಮಾತೂ ಒಂದಕ್ಕೊಂದು ಹೊಂದಿಕೊಂಡು ಬಂದೂಕಿನ ಪೂರ್ತಿ ಚಿತ್ರ ಮೂಡುತ್ತಿತ್ತು.

ಸ್ಯಾಮ್ ಹ್ಯೂಸ್ 1916ರ ನವೆಂಬರ್‌ನಲ್ಲಿ ಮಂತ್ರಿಪದವಿ ಬಿಡಬೇಕಾಯಿತು. ಅದಕ್ಕೆ ಬೇರೆ ಹಗರಣಗಳೂ ಕಾರಣವಾಗಿದ್ದವು, ರೈಫಲ್ ಅವುಗಳಲ್ಲಿ ಒಂದು. 1917ರಲ್ಲಿ ಸರ್ಕಾರ ಕ್ವಿಬೆಕ್ಕಿನ ಕಾರ್ಖಾನೆಯನ್ನು ವಶಕ್ಕೆ ತೆಗೆದುಕೊಂಡಿತು. ಅದಕ್ಕಾಗಿ ಚಾರ್ಲ್ಸ್ ರಾಸ್‌ಗೆ ಪರಿಹಾರವಾಗಿ ಸಿಕ್ಕಿದ್ದು 20 ಲಕ್ಷ ಡಾಲರ್. ಆ ಮೊತ್ತ ದಾಖಲೆಯಲ್ಲಿದೆ. ಬೋಲ್ಟನ್ನು ಒದೆಯುತ್ತಲೇ ಸತ್ತವರ ಸಂಖ್ಯೆ ಯಾವ ದಾಖಲೆಯಲ್ಲೂ ಇರಲು ಸಾಧ್ಯವಿಲ್ಲ.